ದೂರದ ಉಪಗ್ರಹಗಳನ್ನು ನೆಲದ ಟೆಲಿಸ್ಕೋಪಿನಿಂದ ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ "ದೂರ" ಅಂದರೆ ಎಷ್ಟು ದೂರ?

ಸಂಜೆ ಬರಿಗಣ್ಣಿಗೆ ಕಾಣುವ, ಸರ್ರನೆ ಆಕಾಶ ದಾಟಿ ಹೋಗುವ ಚುಕ್ಕೆಗಳ ವಿಷಯ ಇದಲ್ಲ. ಅವು ಕೆಲವು ನೂರು ಕಿಲೋಮೀಟರ್ ಮೇಲಿರುತ್ತವೆ, ಅಷ್ಟೆ. ಇಲ್ಲಿನ ಮಾತು ಮುಖ್ಯವಾಗಿ ಭೂಸ್ಥಿರ ಕಕ್ಷೆಯದ್ದು. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರ. ಅಲ್ಲಿ ಉಪಗ್ರಹ ಭೂಮಿಯ ಜೊತೆಗೇ ದಿನಕ್ಕೊಂದು ಸುತ್ತು ಹಾಕುವುದರಿಂದ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಟಿವಿ, ಹವಾಮಾನ, ಸಂಪರ್ಕದ ದೊಡ್ಡ ಉಪಗ್ರಹಗಳು ಕೂತಿರುವುದು ಅಲ್ಲಿ. ಅದಕ್ಕೂ ಆಚೆ ಚಂದ್ರನವರೆಗೆ ಅಲೆಯುವ ಹಳೆಯ ರಾಕೆಟ್ ಹಂತಗಳಿವೆ. ಇನ್ನೂ ಆಚೆ, 15 ಲಕ್ಷ ಕಿಲೋಮೀಟರ್ ದೂರದಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನಂಥ ನೌಕೆಗಳಿವೆ. ಅವೂ ಕೊನೆಗೆ ಬರುತ್ತವೆ.

ದೊಡ್ಡ ಟೆಲಿಸ್ಕೋಪ್ ಇಟ್ಟು ಒಂದು ಫೋಟೋ ತೆಗೆದರೆ ಆಯ್ತಲ್ವಾ?

ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 30 ಮೀಟರ್ ಇರುವ ಉಪಗ್ರಹ ಅಷ್ಟು ದೂರದಲ್ಲಿ ಬರೀ 0.17 ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ (1 ಡಿಗ್ರಿಯ 3,600ನೇ ಒಂದು ಭಾಗವೇ 1 ಆರ್ಕ್‌ಸೆಕೆಂಡ್). ನಮ್ಮ ತಲೆಯ ಮೇಲಿನ ಗಾಳಿ ಎಲ್ಲವನ್ನೂ ಸುಮಾರು 1 ಆರ್ಕ್‌ಸೆಕೆಂಡ್ ಅಗಲಕ್ಕೆ ಕಲಸಿಬಿಡುತ್ತದೆ. 1 ಆರ್ಕ್‌ಸೆಕೆಂಡ್ ಅಂದರೆ ಅಲ್ಲಿ ಸುಮಾರು 175 ಮೀಟರ್. ಇಡೀ ಉಪಗ್ರಹ ಆ ಕಲಸಿನೊಳಗೆ ಆರು ಬಾರಿ ಹಿಡಿಸುತ್ತದೆ.

ಗಾಳಿಯ ಕಾಟವನ್ನು ಅಡಾಪ್ಟಿವ್ ಆಪ್ಟಿಕ್ಸ್‌ನಿಂದ, ಅಂದರೆ ಕನ್ನಡಿಯ ಆಕಾರವನ್ನು ಕ್ಷಣಕ್ಷಣಕ್ಕೂ ಬದಲಿಸಿ, ಸರಿಪಡಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಆಗ ಕನ್ನಡಿಯ ಗಾತ್ರವೇ ಅಡ್ಡ ಬರುತ್ತದೆ. ಭೂಸ್ಥಿರ ಕಕ್ಷೆಯಲ್ಲಿ 1 ಮೀಟರ್‌ನ ವಿವರ ಬಿಡಿಸಿ ನೋಡಲು ಸುಮಾರು 24 ಮೀಟರ್ ಅಗಲದ ಕನ್ನಡಿ ಬೇಕು. ಇವತ್ತು ಕೆಲಸ ಮಾಡುತ್ತಿರುವ ಅತಿ ದೊಡ್ಡ ಕನ್ನಡಿಗಳು 10 ಮೀಟರ್ ಆಸುಪಾಸಿನವು.

ದೂರ ದೂರ ಇಟ್ಟ ಸಣ್ಣ ಕನ್ನಡಿಗಳ ಬೆಳಕನ್ನು ಸೇರಿಸುವ ಇನ್ನೊಂದು ದಾರಿಯಿದೆ. ಅಮೆರಿಕದ ಅರಿಜೋನಾದಲ್ಲಿರುವ ನೌಕಾಪಡೆಯ ಇಂಟರ್‌ಫೆರೋಮೀಟರ್ 2008ರಲ್ಲಿ ಡೈರೆಕ್‌ಟಿವಿ-9ಎಸ್ ಎಂಬ ಉಪಗ್ರಹವನ್ನು ಹೀಗೆ ಹಿಡಿಯಿತು. ಅದೂ ಅದು ಕನ್ನಡಿಯಂತೆ ಫಳಕ್ಕನೆ ಹೊಳೆದ ಕೆಲವೇ ನಿಮಿಷಗಳಲ್ಲಿ. ಸಿಕ್ಕಿದ್ದು ಗಾತ್ರದ ಒಂದು ಸುಳಿವು, ಚಿತ್ರ ಅಲ್ಲ.

ಹಾಗಾದರೆ ಕ್ಯಾಮೆರಾದಲ್ಲಿ ಏನು ಕಾಣುತ್ತದೆ?

ಒಂದು ಚುಕ್ಕೆ. ಅಷ್ಟೇ.

ಟೆಲಿಸ್ಕೋಪಿನ ಮೋಟಾರ್ ನಿಲ್ಲಿಸಿ 10 ಸೆಕೆಂಡ್ ಎಕ್ಸ್‌ಪೋಶರ್ ಕೊಡಿ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್‌ನಂತೆ ಸರಿದು ಉದ್ದ ಗೀರುಗಳಾಗುತ್ತವೆ. ಭೂಸ್ಥಿರ ಉಪಗ್ರಹ ಮಾತ್ರ ಗೀರುಗಳ ನಡುವೆ ದುಂಡಗೆ ನಿಂತಿರುತ್ತದೆ. ಮೊದಲ ಸಲ ನೋಡುವವರಿಗೆ ಇದು ನಿಜಕ್ಕೂ ಖುಷಿ ಕೊಡುವ ಚಿತ್ರ. ನಕ್ಷತ್ರ ಯಾವುದು, ಉಪಗ್ರಹ ಯಾವುದು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಯಾವ ಉಪಗ್ರಹ ಅನ್ನುವುದು ಅಲ್ಲಿಂದ ಶುರು.

ದೂರದಲ್ಲಿ ಬರುತ್ತಿರುವವರ ಮುಖ ಕಾಣದಿದ್ದರೂ ನಡಿಗೆ ನೋಡಿ ಇಂಥವರೇ ಅಂತ ಹೇಳುತ್ತೇವಲ್ಲ, ಇಲ್ಲೂ ಹಾಗೇ. ಚುಕ್ಕೆ ಎಲ್ಲಿದೆ, ಹೇಗೆ ಚಲಿಸುತ್ತದೆ, ಅದರ ಬೆಳಕು ಹೇಗೆ ಏರಿಳಿಯುತ್ತದೆ, ಬಣ್ಣ ಏನು: ಈ ನಾಲ್ಕರಿಂದಲೇ ಹೆಸರು ಹೇಳಬೇಕು. ಒಂದನ್ನೇ ನಂಬಿದರೆ ಬಹಳ ಸಲ ಕೈ ಕೊಡುತ್ತದೆ.

ಎಲ್ಲ ಉಪಗ್ರಹಗಳ ಪಟ್ಟಿ ಇದೆಯಲ್ಲ, ಅದನ್ನು ನೋಡಿ ಹೇಳಬಾರದಾ?

ಹೇಳಬಹುದು, ಮೊದಲು ಮಾಡುವುದೂ ಅದನ್ನೇ. ಅಮೆರಿಕದ ಬಾಹ್ಯಾಕಾಶ ಪಡೆ ನಡೆಸುವ ಕ್ಯಾಟಲಾಗ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಮತ್ತು ಎರಡು ಸಾಲಿನ ಕಕ್ಷೆಯ ವಿವರ ಇರುತ್ತದೆ. ಅದನ್ನು ಸಾಫ್ಟ್‌ವೇರ್‌ಗೆ ಕೊಟ್ಟರೆ, ಈ ಹೊತ್ತಿಗೆ ಈ ಜಾಗದಿಂದ ಯಾವುದು ಎಲ್ಲಿ ಕಾಣಬೇಕು ಅಂತ ಹೇಳುತ್ತದೆ. ನಿಮ್ಮ ಚುಕ್ಕೆಯ ಜಾಗವನ್ನು ಹಿನ್ನೆಲೆಯ ನಕ್ಷತ್ರಗಳಿಂದ ಅಳೆದು ಹೋಲಿಸುತ್ತೀರಿ. ಸುತ್ತಮುತ್ತ ಬೇರೇನೂ ಇಲ್ಲದಿದ್ದರೆ ಕೆಲಸ ಮುಗಿಯಿತು.

ತೊಂದರೆ ಎರಡು. ಮೊದಲನೆಯದು, ಆ ಎರಡು ಸಾಲಿನ ಲೆಕ್ಕ ಭೂಸ್ಥಿರ ಕಕ್ಷೆಯಲ್ಲಿ ಹಲವು ಕಿಲೋಮೀಟರ್ ತಪ್ಪಿರಬಹುದು. ಉಪಗ್ರಹ ನಿನ್ನೆ ರಾತ್ರಿ ಎಂಜಿನ್ ಉರಿಸಿ ಸ್ವಲ್ಪ ಜರುಗಿದ್ದರೆ ಇನ್ನೂ ಜಾಸ್ತಿ. ಎರಡನೆಯದು, ಪಟ್ಟಿಯಲ್ಲಿರುವ ಹೆಸರೇ ಅದಲುಬದಲಾಗಿರಬಹುದು. ಪಟ್ಟಿ ತಯಾರಾಗುವುದೂ ಇಂಥದ್ದೇ ಚುಕ್ಕೆಗಳನ್ನು ನೋಡಿಯೇ ತಾನೆ. ಕೆಲವು ರಾಷ್ಟ್ರಗಳ ರಹಸ್ಯ ಉಪಗ್ರಹಗಳ ಕಕ್ಷೆಯಂತೂ ಅಲ್ಲಿ ಇರುವುದೇ ಇಲ್ಲ.

ಒಂದೇ ಜಾಗದಲ್ಲಿ ನಾಲ್ಕೈದು ಉಪಗ್ರಹ ಇದ್ದರೆ ಹೇಗೆ ಬಿಡಿಸುವುದು?

ಈ ಕೆಲಸದ ಅಸಲಿ ತಲೆನೋವು ಇದೇ.

ಭೂಸ್ಥಿರ ಕಕ್ಷೆಯಲ್ಲಿ 1 ಡಿಗ್ರಿ ಅಂದರೆ ಸುಮಾರು 735 ಕಿಲೋಮೀಟರ್. ಒಂದು ಉಪಗ್ರಹಕ್ಕೆ ಸಾಮಾನ್ಯವಾಗಿ ಆಚೆ 0.1, ಈಚೆ 0.1 ಡಿಗ್ರಿಯ ಪೆಟ್ಟಿಗೆ ಕೊಡುತ್ತಾರೆ. ನೆಲದ ಡಿಶ್ ಆಂಟೆನಾ ತಿರುಗಿಸದೆ ಜಾಸ್ತಿ ಚಾನೆಲ್ ಸಿಗಲಿ ಅಂತ ಅದೇ ಪೆಟ್ಟಿಗೆಯಲ್ಲಿ ಹಲವು ಉಪಗ್ರಹಗಳನ್ನು ಕೂರಿಸುವುದುಂಟು. 19.2 ಡಿಗ್ರಿ ಪೂರ್ವದಲ್ಲಿರುವ ಆಸ್ಟ್ರಾ ಎಂಬ ಟಿವಿ ಉಪಗ್ರಹಗಳ ಗುಂಪು ಇದಕ್ಕೆ ಹೆಸರುವಾಸಿ. ಡಿಕ್ಕಿ ಆಗದಿರಲಿ ಅಂತ ಒಂದೊಂದರ ಕಕ್ಷೆಯನ್ನೂ ಚೂರು ಬೇರೆ ಮಾಡಿರುತ್ತಾರೆ. ಒಂದರ ಕಕ್ಷೆ ಕೂದಲೆಳೆಯಷ್ಟು ಉದ್ದುರುಟು, ಇನ್ನೊಂದರದ್ದು ಕೂದಲೆಳೆಯಷ್ಟು ವಾಲಿದ್ದು. ಹಾಗಾಗಿ ದಿನಕ್ಕೊಂದು ಸುತ್ತಿನಂತೆ ಅವು ಒಂದರ ಸುತ್ತ ಒಂದು ತಿರುಗುತ್ತಿರುತ್ತವೆ. ನೆಲದಿಂದ ನೋಡುವಾಗ ಕೆಲವು ಹೊತ್ತಿನಲ್ಲಿ ಎರಡು ಚುಕ್ಕೆ ಒಂದೇ ಆಗಿಬಿಡುತ್ತವೆ. ನಿಜದಲ್ಲಿ ಒಂದು ಇನ್ನೊಂದಕ್ಕಿಂತ ಹತ್ತಾರು ಕಿಲೋಮೀಟರ್ ಹಿಂದೆ ಇರಬಹುದು. ಟೆಲಿಸ್ಕೋಪ್ ಕೋನವನ್ನು ಮಾತ್ರ ಅಳೆಯುತ್ತದೆ, ದೂರವನ್ನಲ್ಲ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಎರಡು ಚುಕ್ಕೆಗಳು 20 ಆರ್ಕ್‌ಸೆಕೆಂಡ್ ಅಂತರದಲ್ಲಿವೆ, ಹತ್ತಿರ ಬರುತ್ತಿವೆ. ಎಡದ್ದು ಯಾವುದು, ಬಲದ್ದು ಯಾವುದು ಅಂತ ನಿಮಗೆ ಗೊತ್ತು. ಅಷ್ಟರಲ್ಲಿ ಮೋಡ. ಮುಕ್ಕಾಲು ಗಂಟೆ ಬಿಟ್ಟು ಆಕಾಶ ತಿಳಿಯಾದಾಗ ಮತ್ತೆ ಎರಡು ಚುಕ್ಕೆಗಳು, ಹೆಚ್ಚುಕಡಿಮೆ ಅದೇ ಹೊಳಪು. ಅವು ದಾಟಿದವಾ, ಹತ್ತಿರ ಬಂದು ವಾಪಸ್ ಸರಿದವಾ? ಇಲ್ಲಿ ಹೆಸರು ತಪ್ಪಿ ಕಟ್ಟಿದರೆ ಅದನ್ನೇ ಕ್ರಾಸ್-ಟ್ಯಾಗಿಂಗ್ ಅನ್ನುತ್ತಾರೆ. ಒಮ್ಮೆ ತಪ್ಪಿದರೆ ಮುಂದಿನ ಎಲ್ಲ ಅಳತೆಯೂ ತಪ್ಪು ಹೆಸರಿಗೇ ಜಮಾ ಆಗುತ್ತ ಹೋಗುತ್ತದೆ. ಕಕ್ಷೆಯ ಲೆಕ್ಕ ಮಾತ್ರ ಚೆನ್ನಾಗಿಯೇ ಕೂರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇದು ಅದರ ಕೆಟ್ಟ ಗುಣ.

ಬಿಡಿಸುವ ದಾರಿಗಳಿವೆ. ದಾಟುವ ಮೊದಲು ಮತ್ತು ಆಮೇಲೆ ಎರಡೂ ಚುಕ್ಕೆಗಳ ವೇಗ, ದಿಕ್ಕು ಅಳೆಯಿರಿ. ಎಂಜಿನ್ ಉರಿಸದೆ ಯಾವುದೂ ದಿಢೀರನೆ ದಿಕ್ಕು ಬದಲಿಸುವುದಿಲ್ಲ. ಸಾವಿರ ಕಿಲೋಮೀಟರ್ ದೂರದ ಇನ್ನೊಂದು ಜಾಗದಿಂದ ಅದೇ ಹೊತ್ತಿಗೆ ನೋಡಿದರೆ ಇನ್ನೂ ಒಳ್ಳೆಯದು. ಅಷ್ಟು ಅಂತರಕ್ಕೆ ಚುಕ್ಕೆ ಹಿನ್ನೆಲೆಯಲ್ಲಿ ಸುಮಾರು ಒಂದೂವರೆ ಡಿಗ್ರಿ ಸರಿದು ಕಾಣುತ್ತದೆ. ಅದರಿಂದ ದೂರವೂ ಸಿಗುತ್ತದೆ. ಇಲ್ಲಿಂದ ಅಂಟಿದಂತೆ ಕಂಡವು ಅಲ್ಲಿಂದ ಬೇರೆಯಾಗಿಯೇ ಕಾಣಬಹುದು. ಇದೂ ಆಗದಿದ್ದರೆ ಬೆಳಕಿನ ಏರಿಳಿತಕ್ಕೆ ಹೋಗಬೇಕು.

ಗಡಿಯಾರ ಎಷ್ಟು ಸರಿಯಾಗಿರಬೇಕು?

ಜನ ಕ್ಯಾಮೆರಾಕ್ಕೆ ಕೊಡುವ ಗಮನದ ಅರ್ಧವನ್ನೂ ಗಡಿಯಾರಕ್ಕೆ ಕೊಡುವುದಿಲ್ಲ. ಭೂಸ್ಥಿರ ಉಪಗ್ರಹ ಸೆಕೆಂಡಿಗೆ 3.07 ಕಿಲೋಮೀಟರ್ ಓಡುತ್ತದೆ. ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆಯುವಾಗ 1 ಸೆಕೆಂಡ್ ತಪ್ಪಿದರೆ ಉಪಗ್ರಹವನ್ನು ಸುಮಾರು 3 ಕಿಲೋಮೀಟರ್ ಪಕ್ಕಕ್ಕೆ ಇಟ್ಟಂತೆ. ಒತ್ತೊತ್ತಾಗಿರುವ ಗುಂಪಿನಲ್ಲಿ ಇಷ್ಟು ಸಾಕು, ಹೆಸರು ಅದಲುಬದಲಾಗಲು.

ಕಂಪ್ಯೂಟರ್ ಸಮಯ ಸರಿಯಿದ್ದರೂ ಶಟರ್ ತೆರೆಯುವುದು ತಡವಾಗಬಹುದು. ಸಿಮಾಸ್ (CMOS) ಸೆನ್ಸರ್ ಇರುವ ಕ್ಯಾಮೆರಾಗಳಲ್ಲಿ ಚಿತ್ರದ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸಮಯ ಬೇರೆ ಇರಬಹುದು. ಪರೀಕ್ಷೆ ಸುಲಭ. ಜಿಪಿಎಸ್ ಉಪಗ್ರಹಗಳ ಕಕ್ಷೆ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿರುತ್ತದೆ. ಅವುಗಳ ಚಿತ್ರ ತೆಗೆದು, ಇರಬೇಕಾದ ಜಾಗದಿಂದ ಎಷ್ಟು ಮುಂದೆ ಅಥವಾ ಹಿಂದೆ ಕಂಡವು ಅಂತ ನೋಡಿ. ಆ ವ್ಯತ್ಯಾಸವೇ ನಿಮ್ಮ ಗಡಿಯಾರದ ತಪ್ಪು.

ಬೆಳಕಿನ ಏರಿಳಿತದಿಂದ ನಿಜಕ್ಕೂ ಏನಾದರೂ ಗೊತ್ತಾಗುತ್ತದಾ?

ಬಹಳ ಗೊತ್ತಾಗುತ್ತದೆ. ಇದನ್ನು ಲೈಟ್ ಕರ್ವ್ ಅನ್ನುತ್ತಾರೆ. ರಾತ್ರಿಯಿಡೀ ಒಂದೇ ಚುಕ್ಕೆಯ ಹೊಳಪನ್ನು ಅಳೆದು ಗೆರೆ ಎಳೆದರೆ ಅದೇ ಲೈಟ್ ಕರ್ವ್.

ದೊಡ್ಡ ಭೂಸ್ಥಿರ ಉಪಗ್ರಹದ ಮೈ ಸದಾ ಭೂಮಿಯ ಕಡೆಗೆ ಮುಖ ಮಾಡಿರುತ್ತದೆ. ಸೋಲಾರ್ ಪ್ಯಾನೆಲ್‌ಗಳು ಮಾತ್ರ ಉತ್ತರ–ದಕ್ಷಿಣ ಅಕ್ಷದ ಮೇಲೆ ತಿರುಗುತ್ತ ಸೂರ್ಯನನ್ನು ಹಿಂಬಾಲಿಸುತ್ತವೆ. ಸೂರ್ಯ, ಉಪಗ್ರಹ, ನಾವು: ಇವುಗಳ ನಡುವಿನ ಕೋನವೇ ಫೇಸ್ ಆಂಗಲ್. ಇದು ಗಂಟೆಗೆ ಸುಮಾರು 15 ಡಿಗ್ರಿ ಬದಲಾಗುತ್ತದೆ. ಉಪಗ್ರಹದ ಜಾಗದ ನಡುರಾತ್ರಿ ಹೊತ್ತಿಗೆ ಸೂರ್ಯ ನಮ್ಮ ಬೆನ್ನ ಹಿಂದೆ ಬರುತ್ತಾನೆ. ಪ್ಯಾನೆಲ್‌ಗಳು ಅವನನ್ನು ನೋಡುತ್ತ ನಮ್ಮನ್ನೂ ನೋಡಿದಂತಾಗುತ್ತದೆ, ಹೊಳಪು ಏರುತ್ತದೆ. ಸಂಜೆ, ಬೆಳಗಿನ ಜಾವ ಅಡ್ಡ ಬೆಳಕು, ಚುಕ್ಕೆ ಮಂಕು. ಈ ಗುಡ್ಡದಂಥ ಆಕಾರ ಅನೇಕ ಉಪಗ್ರಹಗಳಲ್ಲಿ ಕಾಣುತ್ತದೆ, ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಎ2100 ಮಾದರಿಯಲ್ಲಿ ತುಂಬ ಸ್ಪಷ್ಟವಾಗಿ.

ಹ್ಯೂಸ್ ಕಂಪನಿಯ ಹಳೆಯ ಎಚ್‌ಎಸ್-376 ಮಾದರಿ ಇದಕ್ಕೆ ತದ್ವಿರುದ್ಧ. ಅದು ಮೈತುಂಬ ಸೋಲಾರ್ ಸೆಲ್ ಅಂಟಿಸಿಕೊಂಡು ಗರಗರ ತಿರುಗುವ ಡ್ರಮ್. ಯಾವ ಕಡೆಯಿಂದ ನೋಡಿದರೂ ಅದೇ ಆಕಾರ. ಹಾಗಾಗಿ ಗೆರೆಯಲ್ಲಿ ಅಂಥ ಚೂಪು ಗುಡ್ಡ ಇರುವುದಿಲ್ಲ, ಚಪ್ಪಟೆ. ಎರಡೂ ಮಾದರಿಗಳ ಗೆರೆ ಪಕ್ಕಪಕ್ಕ ಇಟ್ಟರೆ ಹೊಸಬರೂ ವ್ಯತ್ಯಾಸ ಹೇಳಬಲ್ಲರು.

ಇನ್ನೂ ಸೂಕ್ಷ್ಮ ಸುಳಿವು ಗುಡ್ಡದ ತುದಿಯಲ್ಲಿದೆ. ಪ್ಯಾನೆಲ್ ಸೂರ್ಯನನ್ನು ನೇರವಾಗಿ ನೋಡದೆ ಒಂದೆರಡು ಡಿಗ್ರಿ ವಾರೆಯಾಗಿರುವುದು ಸಾಮಾನ್ಯ. ಕನ್ನಡಿ 1 ಡಿಗ್ರಿ ತಿರುಗಿದರೆ ಪ್ರತಿಫಲಿಸಿದ ಬೆಳಕು 2 ಡಿಗ್ರಿ ತಿರುಗುತ್ತದೆ. ಅಂದರೆ ಹೊಳಪಿನ ತುದಿ ಸುಮಾರು 8 ನಿಮಿಷ ಮೊದಲೇ ಅಥವಾ ತಡವಾಗಿ ಬರುತ್ತದೆ. ಈ ವಾರೆ ಒಂದೊಂದು ಉಪಗ್ರಹಕ್ಕೂ ಬೇರೆ. ನನ್ನ ಅಭಿಪ್ರಾಯದಲ್ಲಿ ಅಕ್ಕಪಕ್ಕದ ಉಪಗ್ರಹಗಳನ್ನು ಬಿಡಿಸಲು ಇದಕ್ಕಿಂತ ಅಗ್ಗದ, ನಂಬಬಹುದಾದ ಗುರುತು ಇನ್ನೊಂದಿಲ್ಲ. ಬರೀ ಸರಾಸರಿ ಹೊಳಪನ್ನು ನೆಚ್ಚಿಕೊಳ್ಳುವವರು ಜಾಸ್ತಿ, ಅದು ಮಾತ್ರ ಬೇಗ ಮೋಸ ಮಾಡುತ್ತದೆ.

ಕೆಲವು ರಾತ್ರಿ ಉಪಗ್ರಹ ಇದ್ದಕ್ಕಿದ್ದಂತೆ ಫಳಕ್ಕನೆ ಹೊಳೆಯುತ್ತದಲ್ಲ, ಅದೇನು?

ಗ್ಲಿಂಟ್. ಪ್ಯಾನೆಲ್ ಕನ್ನಡಿಯಂತೆ ಸೂರ್ಯನ ಬೆಳಕನ್ನು ನೇರ ನಿಮ್ಮ ಮೇಲೆ ಎಸೆಯುವ ಗಳಿಗೆ. ಮಾಮೂಲಿಯಾಗಿ 10ರಿಂದ 13ನೇ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಮಂಕು) ಇರುವ ಚುಕ್ಕೆ ಆಗ ಬೈನಾಕ್ಯುಲರ್‌ಗೆ, ಒಮ್ಮೊಮ್ಮೆ ಬರಿಗಣ್ಣಿಗೂ ಕಾಣುತ್ತದೆ. ಇದು ಹಗಲು ರಾತ್ರಿ ಸಮವಾಗಿರುವ ವಿಷುವತ್ ದಿನಗಳ ಆಸುಪಾಸಿನಲ್ಲಿ ಮಾತ್ರ. ಉತ್ತರ ಗೋಳಾರ್ಧದಲ್ಲಿ ನಿಂತವರಿಗೆ ಮಾರ್ಚ್ ವಿಷುವಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ ವಿಷುವಕ್ಕೆ ಸ್ವಲ್ಪ ಆಮೇಲೆ. ದಕ್ಷಿಣದವರಿಗೆ ಇದು ತಿರುಗುಮುರುಗು.

ಅದೇ ಕಾಲದಲ್ಲಿ ಉಪಗ್ರಹ ದಿನಕ್ಕೊಮ್ಮೆ ಭೂಮಿಯ ನೆರಳಿಗೂ ಹೋಗುತ್ತದೆ, ಹೆಚ್ಚೆಂದರೆ 70 ನಿಮಿಷದಷ್ಟು. ಏರುತ್ತಿದ್ದ ಹೊಳಪು ತುದಿ ಮುಟ್ಟುವ ಮೊದಲೇ ಚುಕ್ಕೆ ಮಾಯ. ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳಬೇಡಿ.

ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಉಪಗ್ರಹ ಪಕ್ಕಪಕ್ಕ ಇದ್ದರೆ?

ಇಲ್ಲಿ ಲೈಟ್ ಕರ್ವ್‌ನ ಒಟ್ಟು ಆಕಾರ ಕೆಲಸಕ್ಕೆ ಬಾರದು. ಮೇಲೆ ಹೇಳಿದ ವಾರೆ ಒಂದು ದಾರಿ. ಆಂಟೆನಾ ತಟ್ಟೆಗಳ ಜೋಡಣೆ ಬೇರೆ ಇದ್ದರೆ ಅಡ್ಡ ಬೆಳಕಿನ ಹೊತ್ತಿನಲ್ಲಿ, ಅಂದರೆ ಫೇಸ್ ಆಂಗಲ್ ದೊಡ್ಡದಿರುವಾಗ, ಸಣ್ಣ ಸಣ್ಣ ಉಬ್ಬುಗಳು ಬೇರೆ ಬೇರೆ ಜಾಗದಲ್ಲಿ ಬರುತ್ತವೆ. ವಯಸ್ಸಿನ ಅಂತರವೂ ನೆರವಾಗುತ್ತದೆ, ವರ್ಷಗಟ್ಟಲೆ ಬಿಸಿಲು ತಿಂದ ಹೊದಿಕೆಯ ಬಣ್ಣ ಬದಲಾಗಿರುತ್ತದೆ.

ಹೋಲಿಸುವಾಗ ಒಂದು ಎಚ್ಚರ. ಮಾರ್ಚ್‌ನ ಗೆರೆಯನ್ನು ಜೂನ್‌ನ ಗೆರೆಯ ಜೊತೆ ಇಡಬೇಡಿ. ಸೂರ್ಯನ ಎತ್ತರ ಬದಲಾದರೆ ಅದೇ ಉಪಗ್ರಹವೂ ಬೇರೆಯದರಂತೆ ಕಾಣುತ್ತದೆ.

ಬಣ್ಣ ಮತ್ತು ಸ್ಪೆಕ್ಟ್ರಮ್ ಎಷ್ಟು ಸಹಾಯ ಮಾಡುತ್ತವೆ?

ಸಾಕಷ್ಟು. ಆದರೆ ಜನ ಅಂದುಕೊಂಡಷ್ಟು ಅಲ್ಲ. ಸ್ಪೆಕ್ಟ್ರಮ್ ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆದದ್ದು. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ, ಬರುವುದೆಲ್ಲ ಸೂರ್ಯನದ್ದೇ. ಮೇಲ್ಮೈ ಯಾವ ಬಣ್ಣವನ್ನು ಎಷ್ಟು ನುಂಗಿತು ಅನ್ನುವುದಷ್ಟೇ ಸುಳಿವು. ಚಿನ್ನದ ಬಣ್ಣದ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಯ ಹೊದಿಕೆ ನೀಲಿಯನ್ನು ನುಂಗಿ ಕೆಂಪನ್ನು ವಾಪಸ್ ಕಳಿಸುತ್ತದೆ. ಸೋಲಾರ್ ಸೆಲ್ ಕಣ್ಣಿಗೆ ನೀಲಿ ಛಾಯೆಯದು. ಹಳೆಯ ಸಿಲಿಕಾನ್ ಸೆಲ್‌ಗೂ ಈಗಿನ ಮೂರು ಪದರದ ಗ್ಯಾಲಿಯಂ ಆರ್ಸೆನೈಡ್ ಸೆಲ್‌ಗೂ ಇನ್‌ಫ್ರಾರೆಡ್ ಕಡೆಗೆ ವ್ಯತ್ಯಾಸ ಕಾಣುತ್ತದೆ. ಬಿಳಿ ಬಣ್ಣ ಬಳಿದ ರಾಕೆಟ್ ಹಂತದಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ಗುರುತು ಸಿಗುತ್ತದೆ.

ತೊಡಕು ಏನೆಂದರೆ ಚುಕ್ಕೆಯಲ್ಲಿ ಇವೆಲ್ಲ ಬೆರೆತಿರುತ್ತವೆ. ಹತ್ತು ಗಂಟೆಗೆ ಪ್ಯಾನೆಲ್ ಜಾಸ್ತಿ ಕಂಡರೆ ಎರಡು ಗಂಟೆಗೆ ಮೈ ಜಾಸ್ತಿ ಕಾಣಬಹುದು. ಬಣ್ಣವೂ ಅದರ ಜೊತೆ ಬದಲಾಗುತ್ತದೆ. ಇನ್ನೊಂದು ವಿಷಯ: ಫಿಲ್ಟರ್ ಒಂದಾದ ಮೇಲೆ ಒಂದು ಬದಲಿಸಿ ಬಣ್ಣ ಅಳೆಯುವಾಗ, ನಡುವೆ ಉಪಗ್ರಹ ಉರುಳಿದ್ದರೆ ಸಿಗುವುದು ಬಣ್ಣ ಅಲ್ಲ, ಉರುಳಾಟ. ಸಾಧ್ಯವಾದರೆ ಎರಡು ಫಿಲ್ಟರ್‌ನಲ್ಲಿ ಒಟ್ಟಿಗೇ ಅಳೆಯಬೇಕು.

ಕೆಟ್ಟು ನಿಂತ ಉಪಗ್ರಹವನ್ನು ಕೆಲಸ ಮಾಡುತ್ತಿರುವುದರಿಂದ ಬೇರೆ ಮಾಡಬಹುದಾ?

ಇದು ಸುಲಭದ ಪ್ರಶ್ನೆ. ಹಿಡಿತದಲ್ಲಿರುವುದು ತನ್ನ ಪೆಟ್ಟಿಗೆ ಬಿಟ್ಟು ಹೋಗುವುದಿಲ್ಲ. ಹಿಡಿತ ತಪ್ಪಿದ್ದನ್ನು ಸೂರ್ಯ, ಚಂದ್ರರು ಎಳೆದಾಡುತ್ತಾರೆ. ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆ ವಾಲುತ್ತ, ಕೆಲವು ದಶಕಗಳಲ್ಲಿ ಸುಮಾರು 15 ಡಿಗ್ರಿವರೆಗೆ ಹೋಗಿ ಮತ್ತೆ ಇಳಿಯುತ್ತದೆ. ಟೆಲಿಸ್ಕೋಪಿನಲ್ಲಿ ಅದು ದಿನಕ್ಕೊಮ್ಮೆ ಉತ್ತರ–ದಕ್ಷಿಣ ಓಡಾಡುವ ಚುಕ್ಕೆಯಾಗಿ ಕಾಣುತ್ತದೆ. ಭೂಮಿ ಪೂರ್ತಿ ದುಂಡಗಿಲ್ಲದ ಕಾರಣ ಅನೇಕವು 75 ಡಿಗ್ರಿ ಪೂರ್ವ ಅಥವಾ 105 ಡಿಗ್ರಿ ಪಶ್ಚಿಮದ ಸುತ್ತ ಆಚೀಚೆ ತೂಗಾಡುತ್ತ ಉಳಿಯುತ್ತವೆ.

ಮರ್ಯಾದೆಯಿಂದ ನಿವೃತ್ತಿಯಾದವನ್ನು ಸುಮಾರು 300 ಕಿಲೋಮೀಟರ್ ಮೇಲಕ್ಕೆ ತಳ್ಳಿರುತ್ತಾರೆ. ಅಲ್ಲಿ ಸುತ್ತು ನಿಧಾನ. ಹಾಗಾಗಿ ಅವು ದಿನಕ್ಕೆ ಸುಮಾರು 3.8 ಡಿಗ್ರಿಯಂತೆ ಪಶ್ಚಿಮಕ್ಕೆ ಜಾರುತ್ತವೆ. ಮೋಟಾರ್ ನಿಲ್ಲಿಸಿದ ಟೆಲಿಸ್ಕೋಪಿನಲ್ಲಿ ನಿಮಿಷಕ್ಕೆ ಸುಮಾರು 10 ಆರ್ಕ್‌ಸೆಕೆಂಡ್. ಐದು ನಿಮಿಷ ಬಿಟ್ಟು ಇನ್ನೊಂದು ಚಿತ್ರ ತೆಗೆದರೆ ಸಾಕು.

ಹೊಳಪೂ ಹೇಳುತ್ತದೆ. ಸತ್ತ ಉಪಗ್ರಹ ಉರುಳುತ್ತದೆ, ಚುಕ್ಕೆ ಮಿನುಗುತ್ತದೆ. ಮಿನುಗಿನ ಅವಧಿಯನ್ನೇ ಗುರುತಾಗಿ ಬಳಸಬಹುದು ಅನಿಸುತ್ತದೆ, ಅಲ್ವಾ? ಸ್ವಲ್ಪ ದಿನದ ಮಟ್ಟಿಗೆ ಹೌದು. ಆದರೆ ಅಮೆರಿಕದ ಗೋಸ್-8ರಿಂದ 12ರವರೆಗಿನ ಹವಾಮಾನ ಉಪಗ್ರಹಗಳನ್ನು ನೋಡಿ. ಒಂದೇ ವಿನ್ಯಾಸ, ನಿವೃತ್ತಿಯಾದ ಮೇಲೆ ತಿರುಗುವ ವೇಗ ಮಾತ್ರ ಒಂದೊಂದರದ್ದು ಒಂದೊಂದು ಥರ. ಅದೂ ಕಾಲ ಕಳೆದಂತೆ ಬದಲಾಗುತ್ತದೆ, ಸೂರ್ಯನ ಬೆಳಕಿನ ಒತ್ತಡವೇ ಅವನ್ನು ತಿರುಗಿಸುತ್ತದೆ. ಹೋದ ವರ್ಷದ ಅವಧಿಯನ್ನು ಈ ವರ್ಷ ಹುಡುಕಿದರೆ ಸಿಗದಿರಬಹುದು. ಇನ್ನು, ನಾಲ್ಕು ಮುಖದ ಡಬ್ಬಿ ಒಂದು ಸುತ್ತಿಗೆ ಎರಡೋ ನಾಲ್ಕೋ ಸಲ ಮಿನುಗಬಹುದು. ಎಕ್ಸ್‌ಪೋಶರ್ ಉದ್ದವಾಗಿದ್ದರೆ ಮಿನುಗೇ ಅಳಿಸಿಹೋಗುತ್ತದೆ.

ಉಪಗ್ರಹವೂ ಅಲ್ಲದ, ರಾಕೆಟ್ಟೂ ಅಲ್ಲದ ಚೂರುಗಳು?

ಸ್ವಿಟ್ಜರ್ಲೆಂಡಿನ ತೋಮಸ್ ಶಿಲ್ಡ್‌ಕ್ನೆಖ್ಟ್ ಮತ್ತು ಸಂಗಡಿಗರು ಟೆನೆರಿಫೆ ದ್ವೀಪದಲ್ಲಿರುವ ಯುರೋಪಿಯನ್ ಸ್ಪೇಸ್ ಏಜೆನ್ಸಿಯ 1 ಮೀಟರ್ ಟೆಲಿಸ್ಕೋಪ್‌ನಿಂದ ವಿಚಿತ್ರ ವಸ್ತುಗಳ ಒಂದು ಗುಂಪನ್ನೇ ಕಂಡುಹಿಡಿದರು. ಹಾಳೆಯಂತೆ ಹಗುರ, ಅಗಲ ಜಾಸ್ತಿ. ಉಪಗ್ರಹಗಳ ಹೊದಿಕೆಯಿಂದ ಕಿತ್ತುಬಂದ ತುಂಡುಗಳಿರಬೇಕು. ಬಿಸಿಲೇ ಅವನ್ನು ತಳ್ಳಿ ಕಕ್ಷೆಯನ್ನು ಕೆಲವೇ ತಿಂಗಳಲ್ಲಿ ಉದ್ದುರುಟು ಮಾಡುತ್ತದೆ. ಇಂಥವನ್ನು ಮತ್ತೆ ಮತ್ತೆ ನೋಡುತ್ತಿರದಿದ್ದರೆ ಕಳೆದುಹೋಗುತ್ತವೆ. ಆಮೇಲೆ ಸಿಕ್ಕಾಗ ಹೊಸದು ಅಂತಲೇ ದಾಖಲಾಗುತ್ತವೆ.

ಚಂದ್ರನ ಆಸುಪಾಸಿನಲ್ಲಿ ಕಂಡದ್ದು ಕ್ಷುದ್ರಗ್ರಹವಾ, ನಾವೇ ಕಳಿಸಿದ್ದಾ?

ಇದರಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. 2007ರ ನವೆಂಬರ್‌ನಲ್ಲಿ ಭೂಮಿಯ ಹತ್ತಿರ ಬರುತ್ತಿದ್ದ ವಸ್ತುವಿಗೆ 2007 ವಿಎನ್84 ಅಂತ ಕ್ಷುದ್ರಗ್ರಹದ ಹೆಸರು ಕೊಟ್ಟರು. ಅದು ಧೂಮಕೇತುವಿನತ್ತ ಹೊರಟಿದ್ದ ಯುರೋಪಿನ ರೊಸೆಟ್ಟಾ ನೌಕೆ. 2025ರ ಜನವರಿ 2ರಂದು 2018 ಸಿಎನ್41 ಎಂಬ ಕ್ಷುದ್ರಗ್ರಹ ಪಟ್ಟಿಗೆ ಸೇರಿತು. ಒಂದು ದಿನದೊಳಗೆ ಅಳಿಸಿದರು. ಅದು 2018ರಲ್ಲಿ ಫಾಲ್ಕನ್ ಹೆವಿ ರಾಕೆಟ್ ಹೊತ್ತೊಯ್ದ ಟೆಸ್ಲಾ ಕಾರು. ಉಲ್ಟಾ ಕೂಡ ಆಗಿದೆ. 2006 ಆರ್‌ಎಚ್120 ಮೊದಲು ಮಾನವ ನಿರ್ಮಿತ ಅನ್ನುವ ಅನುಮಾನಕ್ಕೆ ಗುರಿಯಾಯಿತು, ಕೊನೆಗೆ ನಿಜವಾದ ಕಲ್ಲೇ ಅಂತ ತೀರ್ಮಾನವಾಯಿತು.

ನೋಡಬೇಕಾದದ್ದು ಮೊದಲು ಬಿಸಿಲಿನ ತಳ್ಳಾಟ. ಖಾಲಿ ರಾಕೆಟ್ ಟ್ಯಾಂಕ್ ಗಾತ್ರಕ್ಕೆ ತುಂಬ ಹಗುರ, ಬೆಳಕಿನ ಒತ್ತಡಕ್ಕೇ ದಾರಿ ಬದಲಿಸುತ್ತದೆ. ಕಲ್ಲು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆಮೇಲೆ ಕಕ್ಷೆಯನ್ನು ಹಿಂದಕ್ಕೆ ಓಡಿಸಿ ಯಾವ ಉಡಾವಣೆಯ ಹೊತ್ತಿಗೆ ಭೂಮಿಯ ಹತ್ತಿರ ಇತ್ತು ಅಂತ ನೋಡುವುದು. ಕೊನೆಗೆ ಸ್ಪೆಕ್ಟ್ರಮ್.

2002ರಲ್ಲಿ ಬಿಲ್ ಯಂಗ್ ಎಂಬ ಹವ್ಯಾಸಿ ಕಂಡ ಜೆ002ಇ3 ಹೀಗೆಯೇ ಸಿಕ್ಕಿಬಿತ್ತು. ಕಕ್ಷೆ ಮತ್ತು ಬಿಳಿ ಬಣ್ಣದ ಗುರುತು ಎರಡೂ 1969ರ ಅಪೊಲೊ 12ರ ಮೂರನೇ ಹಂತದತ್ತ ಬೆರಳು ತೋರಿಸಿದವು. 2020 ಎಸ್‌ಒ ಕಥೆ ಇನ್ನೂ ಸೊಗಸು. ಹವಾಯಿಯ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪ್ ಅದನ್ನು 2020ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಹಿಂದಕ್ಕೆ ಓಡಿಸಿದಾಗ 1966ರ ಸೆಪ್ಟೆಂಬರ್ 20ರ ಸರ್ವೇಯರ್ 2 ಎಂಬ ಚಂದ್ರನೌಕೆಯ ಉಡಾವಣೆಗೆ ತಾಳೆಯಾಯಿತು. ಆದರೆ ಅದನ್ನು ಹೊತ್ತೊಯ್ದ ರಾಕೆಟಿನ ಸೆಂಟಾರ್ ಎಂಬ ಹಂತವನ್ನು ಮಾಡಲು ಬಳಸಿದಂಥ ಸ್ಟೀಲಿನ ಸ್ಪೆಕ್ಟ್ರಮನ್ನು ಪ್ರಯೋಗಾಲಯದಲ್ಲಿ ಅಳೆದು ಹೋಲಿಸಿದರೆ ಪೂರ್ತಿ ಕೂಡಲಿಲ್ಲ. ಅರಿಜೋನಾ ವಿಶ್ವವಿದ್ಯಾಲಯದ ವಿಷ್ಣು ರೆಡ್ಡಿ ತಂಡ ಆಗ 1971ರಿಂದ ಕಕ್ಷೆಯಲ್ಲೇ ಇರುವ ಇನ್ನೊಂದು ಸೆಂಟಾರ್ ಹಂತವನ್ನು ಹುಡುಕಿ ಅದರ ಸ್ಪೆಕ್ಟ್ರಮ್ ತೆಗೆಯಿತು. ಎರಡೂ ಕೂಡಿದವು. ದಶಕಗಟ್ಟಲೆ ಬಿಸಿಲಲ್ಲಿ ಬೆಂದ ಸ್ಟೀಲನ್ನು ಹಾಗೇ ಬೆಂದ ಸ್ಟೀಲಿನ ಜೊತೆಗೇ ಹೋಲಿಸಬೇಕಿತ್ತು.

ತಪ್ಪು ಹೆಸರು ಬಹಳ ದಿನ ಉಳಿದ ಉದಾಹರಣೆ ಇದೆಯಾ?

2022ರ ಮಾರ್ಚ್ 4ರಂದು ಚಂದ್ರನ ಆಚೆ ಮೈಗೆ ಒಂದು ರಾಕೆಟ್ ಹಂತ ಬಡಿಯಿತು. 2015ರಲ್ಲಿ ಅದು ಕಂಡಾಗ, ಆಗಷ್ಟೇ ಹಾರಿದ್ದ ಡಿಸ್ಕವರ್ ಉಪಗ್ರಹದ ಫಾಲ್ಕನ್ 9 ರಾಕೆಟಿನ ಹಂತ ಅಂತ, ಕಕ್ಷೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವ ಬಿಲ್ ಗ್ರೇ ಗುರುತಿಸಿದ್ದರು. ಸಮಯ ಸರಿಯಾಗಿತ್ತು, ಹೊಳಪೂ ಸರಿಯಾಗಿತ್ತು, ಕಕ್ಷೆಯೂ ಒಪ್ಪುವಂತಿತ್ತು. ಹಾಗಾಗಿ ಏಳು ವರ್ಷ ಯಾರೂ ಕೆದಕಲಿಲ್ಲ. ಡಿಕ್ಕಿಯ ಸುದ್ದಿ ಜಗತ್ತಿಗೆಲ್ಲ ಹರಡಿದ ಮೇಲೆ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜಾನ್ ಜಾರ್ಜಿನಿ, ಡಿಸ್ಕವರ್ ಹೋದ ದಾರಿ ಚಂದ್ರನ ಹತ್ತಿರ ಹಾಯ್ದಿರಲಿಲ್ಲವಲ್ಲ ಅಂತ ಕೇಳಿದರು. ಗ್ರೇ ಮತ್ತೆ ಲೆಕ್ಕ ಹಾಕಿ, ಇದು 2014ರ ಅಕ್ಟೋಬರ್‌ನಲ್ಲಿ ಹಾರಿದ ಚೀನಾದ ಚಾಂಗ್'ಇ 5-ಟಿ1ರ ರಾಕೆಟ್ ಹಂತ ಅಂತ ತಿದ್ದಿದರು. ಚೀನಾ ಒಪ್ಪಲಿಲ್ಲ. ಅರಿಜೋನಾದವರು ತೆಗೆದ ಸ್ಪೆಕ್ಟ್ರಮ್ ಮಾತ್ರ ಚೀನಾದ ರಾಕೆಟ್ ಹಂತಗಳಿಗೇ ಹತ್ತಿರವಿತ್ತು.

ಕುಳಿಯ ಚಿತ್ರ ಬಂದಾಗ ಒಂದಲ್ಲ, ಒಂದಕ್ಕೊಂದು ತಾಗಿದ ಎರಡು ಕುಳಿ. ಬಡಿಯುವ ಮೊದಲಿನ ಮಿನುಗಾಟವೂ, ಎಂಜಿನ್‌ನ ಎದುರು ತುದಿಯಲ್ಲಿ ಇನ್ನೇನೋ ಭಾರ ಇತ್ತು ಅನ್ನುವುದಕ್ಕೇ ಹೊಂದುತ್ತಿತ್ತು. ಏನದು ಅಂತ ಇನ್ನೂ ಹೊರಬಿದ್ದಿಲ್ಲ.

ಎರಡು ಉಪಗ್ರಹ ಒಂದಕ್ಕೊಂದು ಕಚ್ಚಿಕೊಂಡರೆ?

ಈಗ ಇದೂ ನಡೆಯುತ್ತಿದೆ. 2020ರ ಫೆಬ್ರವರಿ 25ರಂದು ಹಳೆಯ ಉಪಗ್ರಹಗಳ ಆಯಸ್ಸು ಹೆಚ್ಚಿಸುವ ಎಂಇವಿ-1 ಎಂಬ ನೌಕೆ ಇಂಟೆಲ್‌ಸ್ಯಾಟ್ 901 ಎಂಬ ಸಂಪರ್ಕ ಉಪಗ್ರಹಕ್ಕೆ ಜೋಡಿಕೊಂಡಿತು. 2021ರ ಏಪ್ರಿಲ್ 12ರಂದು ಎಂಇವಿ-2 ಇಂಟೆಲ್‌ಸ್ಯಾಟ್ 10-02ಕ್ಕೆ. ಪಟ್ಟಿಯಲ್ಲಿ ಎರಡು ಹೆಸರು, ಆಕಾಶದಲ್ಲಿ ಒಂದು ಚುಕ್ಕೆ. ಎರಡು ಜೋಡಿ ಪ್ಯಾನೆಲ್ ಇರುವುದರಿಂದ ಲೈಟ್ ಕರ್ವ್ ಹಳೆಯದರಂತೆ ಇರುವುದಿಲ್ಲ. ಮೊದಲಿನ ಗೆರೆಗಳನ್ನು ಎತ್ತಿಟ್ಟುಕೊಂಡವರಿಗೆ ಮಾತ್ರ ಈ ಬದಲಾವಣೆ ಕಾಣುತ್ತದೆ.

ಇದನ್ನೆಲ್ಲ ಎಐಗೆ ಬಿಟ್ಟರೆ ಆಗಲ್ವಾ?

ಮಾದರಿ ಗುರುತಿಸುವುದರಲ್ಲಿ, ಸಾವಿರಾರು ಲೈಟ್ ಕರ್ವ್‌ಗಳಲ್ಲಿ ಇದ್ದಕ್ಕಿದ್ದಂತೆ ಬದಲಾದದ್ದನ್ನು ಹೆಕ್ಕುವುದರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ತಕರಾರು ಒಂದೇ. ಕಲಿಸಲು ಕೊಡುವ ಗೆರೆಗಳ ಮೇಲಿನ ಹೆಸರು ಪಟ್ಟಿಯಿಂದ ಬಂದದ್ದು. ಪಟ್ಟಿಯಲ್ಲಿ ಎರಡು ಅದಲುಬದಲಾಗಿದ್ದರೆ ಯಂತ್ರ ಅದೇ ತಪ್ಪನ್ನು ಪೂರ್ತಿ ಧೈರ್ಯದಿಂದ ಹೇಳುತ್ತದೆ.

ರೇಡಿಯೋ ಕೇಳಿದರೆ ಬೇಗ ಆಗುವುದಿಲ್ಲವೇ?

ಮಾತನಾಡುವ ಉಪಗ್ರಹಕ್ಕೆ ಖಂಡಿತ ಆಗುತ್ತದೆ. 2005ರ ಕೊನೆಯಲ್ಲಿ ಸದ್ದಡಗಿದ ನಾಸಾದ ಇಮೇಜ್ ಉಪಗ್ರಹ ಮತ್ತೆ ಜೀವ ಪಡೆದಿದೆ ಅಂತ 2018ರ ಜನವರಿಯಲ್ಲಿ ಗೊತ್ತಾದದ್ದು ಒಬ್ಬ ಹವ್ಯಾಸಿಯ ರೇಡಿಯೋದಿಂದ. ಸತ್ತವು, ರಾಕೆಟ್ ಹಂತಗಳು, ಚೂರುಗಳು ಮಾತನಾಡುವುದಿಲ್ಲವಲ್ಲ.

ಸಣ್ಣ ಟೆಲಿಸ್ಕೋಪ್ ಇರುವವರು ಏನು ಮಾಡಬಹುದು?

ಭೂಸ್ಥಿರ ಕಕ್ಷೆಯ ದೊಡ್ಡ ಉಪಗ್ರಹಗಳಿಗೆ 20 ಸೆಂಟಿಮೀಟರ್‌ನ ಟೆಲಿಸ್ಕೋಪ್ ಮತ್ತು ಸಾಧಾರಣ ಖಗೋಳ ಕ್ಯಾಮೆರಾ ಧಾರಾಳ ಸಾಕು. ಜೇಮ್ಸ್ ವೆಬ್‌ನಂಥ ದೊಡ್ಡ ನೌಕೆಯನ್ನೂ ಹವ್ಯಾಸಿಗಳು ಹಿಡಿದಿದ್ದಾರೆ. ಅಷ್ಟೇ ದೂರದಲ್ಲಿದ್ದ, ನಕ್ಷತ್ರಗಳ ನಕ್ಷೆ ಮಾಡುತ್ತಿದ್ದ ಯುರೋಪಿನ ಗಾಯಾ ನೌಕೆ ಮಾತ್ರ 18ನೇ ಮ್ಯಾಗ್ನಿಟ್ಯೂಡ್ ಇರುತ್ತದೆ ಅಂದುಕೊಂಡರೆ 21ರ ಹತ್ತಿರ ಇತ್ತು. ಅದಕ್ಕೆ 2 ಮೀಟರ್ ಆಸುಪಾಸಿನ ಟೆಲಿಸ್ಕೋಪುಗಳೇ ಬೇಕಾದವು.

ಶುರು ಮಾಡುವವರು ಸುಮ್ನೆ ಆಕಾಶವೆಲ್ಲ ಹುಡುಕಬೇಡಿ. ಎರಡೇ ಉಪಗ್ರಹ ಇರುವ ಒಂದು ಜಾಗ ಆರಿಸಿಕೊಳ್ಳಿ. ಮೋಟಾರ್ ನಿಲ್ಲಿಸಿ, ನಿಮಿಷಕ್ಕೊಂದು ಚಿತ್ರದಂತೆ ರಾತ್ರಿಯಿಡೀ ತೆಗೆಯಿರಿ. ಒಂದೇ ಫಿಲ್ಟರ್ ಇರಲಿ, ಚುಕ್ಕೆ ಹೊಳೆದಾಗಲೂ ಸೆನ್ಸರ್ ತುಂಬಿ ಹೋಗದಷ್ಟು ಸಣ್ಣ ಎಕ್ಸ್‌ಪೋಶರ್ ಇರಲಿ. ಚಿತ್ರಗಳ ಮೇಲೆ ಹೆಸರು ಬರೆಯಬೇಡಿ, ಅ ಮತ್ತು ಆ ಅಂತಷ್ಟೇ ಹಾಕಿ. ಎರಡರ ಲೈಟ್ ಕರ್ವ್ ಎಳೆದು, ಕಕ್ಷೆ ಲೆಕ್ಕ ಹಾಕಿದ ಮೇಲೆ ಪಟ್ಟಿ ತೆರೆಯಿರಿ. ಹೆಸರು ಮೊದಲೇ ಬರೆದುಬಿಟ್ಟರೆ ಕಣ್ಣು ಅದಕ್ಕೆ ತಕ್ಕ ಸಾಕ್ಷಿಯನ್ನೇ ಹುಡುಕುತ್ತದೆ.